ತಂಬೂರಿಯ ಪಕ್ಕದಲ್ಲೊಂದು ಕಂಪ್ಯೂಟರ್: ಸದ್ದಿಲ್ಲದೆ ತಣ್ಣಗಿಡುವುದು ಹೇಗೆ

ಧಾರವಾಡದ ಮಾಳಮಡ್ಡಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಖೋಲಿ ಇದೆ. ತಂಬೂರಿ ಮೀಟಲು ಶುರುವಾದರೆ ಮೈಕಿಗೆ ಎಲ್ಲವೂ ಕೇಳುತ್ತದೆ. ಕಂಪ್ಯೂಟರ್ ಫ್ಯಾನಿನ ಗುಂಯ್ ಸದ್ದು ಷಡ್ಜದ ಕೆಳಗೆ ಬಂದು ಕೂತುಬಿಡುತ್ತದೆ. ಹಾಡುವಾಗ ಕಿಟಕಿ ಮುಚ್ಚಿರುತ್ತದೆ, ಮೇಲಿನ ಫ್ಯಾನೂ ಬಂದ್. ಏಪ್ರಿಲ್‌ನಲ್ಲಿ ಅಂಥ ಖೋಲಿಯಲ್ಲಿ ಕಂಪ್ಯೂಟರ್ ಕಾಯದಂತೆ ನೋಡಿಕೊಳ್ಳಬೇಕೆಂದರೆ ಪ್ರೊಸೆಸರನ್ನು ನೀರಿನಿಂದ ತಣ್ಣಗಿಡುವ ವಾಟರ್ ಕೂಲರ್ ಕೊಂಡು ತಂದರಷ್ಟೇ ಸಾಲದು.

ಕೂಲರ್‌ನ ಪಂಪ್ ತಳ್ಳುವ ನೀರು ಪ್ರೊಸೆಸರ್‌ನ ಬಿಸಿಯನ್ನು ರೇಡಿಯೇಟರ್‌ವರೆಗೆ, ಅಂದರೆ ಫ್ಯಾನ್ ಕೂರಿಸಿದ ತೆಳು ಲೋಹದ ಪಟ್ಟಿಗಳ ಚೌಕಟ್ಟಿನವರೆಗೆ, ಹೊತ್ತು ತರುತ್ತದೆ. ಅಲ್ಲಿಂದ ಅದನ್ನು ಹೊರಹಾಕುವುದು ಗಾಳಿಯೇ. ಖೋಲಿಯಲ್ಲಿ 36 ಡಿಗ್ರಿ ಇದ್ದರೆ ನೀರು 36ಕ್ಕಿಂತ ಕೆಳಗಿಳಿಯುವ ಮಾತೇ ಇಲ್ಲ. ಹಾಗಾಗಿ ಮೊದಲು ಗಾಳಿಯ ದಾರಿ ನೋಡಬೇಕು.

ಅದಕ್ಕೆ ಊದಿನಕಡ್ಡಿ ಸಾಕು. ಸೀಲಿಂಗ್ ಫ್ಯಾನ್ ಆರಿಸಿ, ಕಂಪ್ಯೂಟರ್ ಚಾಲೂ ಇಟ್ಟು, ಕಡ್ಡಿಯನ್ನು ಕ್ಯಾಬಿನೆಟ್‌ನ ಮುಂದಿನ ಜಾಲರಿಯಿಂದ ಒಂದು ಗೇಣು ದೂರ ಹಿಡಿಯಿರಿ. ಹೊಗೆಯ ಎಳೆ ನೆಟ್ಟಗೆ ಒಳಗೆ ಹೋಗಬೇಕು. ಆಮೇಲೆ ಹಿಂದಕ್ಕೆ ಬನ್ನಿ: ಹೊಗೆ ಅಲ್ಲಿ ದೂರಕ್ಕೆ ತಳ್ಳಿಕೊಂಡು ಹೋಗುತ್ತಿದೆಯೋ, ಗೋಡೆಗೆ ಬಡಿದು, ಪಕ್ಕದಿಂದ ಸುತ್ತಿಕೊಂಡು ಮತ್ತೆ ಮುಂದಿನ ಜಾಲರಿಗೇ ಬರುತ್ತಿದೆಯೋ? ಕಂಪ್ಯೂಟರ್ ಟೇಬಲ್‌ನ ಕೆಳಗಿನ ಖಾನೆಯಲ್ಲಿ ಇಟ್ಟವರಿಗೆ ಹೆಚ್ಚಾಗಿ ಎರಡನೆಯದೇ ಕಾಣುತ್ತದೆ. ತಾನೇ ಉಗುಳಿದ ಬಿಸಿಗಾಳಿಯನ್ನು ಮತ್ತೆ ನುಂಗುವ ಯಂತ್ರಕ್ಕೆ ಎಷ್ಟು ದುಬಾರಿ ಫ್ಯಾನ್ ಹಾಕಿದರೂ ದಂಡ. ಖಾನೆಯಿಂದ ಹೊರಗೆ ತೆಗೆದು, ಹಿಂದೆ ಕನಿಷ್ಠ ಒಂದು ಗೇಣು ಜಾಗ ಬಿಡಿ.

ರೇಡಿಯೇಟರ್ ಎಲ್ಲಿರಬೇಕು ಎಂಬುದು ನಿಮ್ಮ ಕೆಲಸದ ಮೇಲೆ ಹೋಗುತ್ತದೆ. ಆಡಿಯೋ ಕೆಲಸದಲ್ಲಿ ಭಾರವೆಲ್ಲ ಪ್ರೊಸೆಸರ್ ಮೇಲೆ, ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿರುತ್ತದೆ. ಆದ್ದರಿಂದ ನನ್ನದು ಮುಂಭಾಗದಲ್ಲಿದೆ, ಹೊರಗಿನ ಗಾಳಿ ನೇರ ಅದಕ್ಕೇ ಸಿಗುತ್ತದೆ. ಗೇಮ್, ವಿಡಿಯೋ ಎಡಿಟಿಂಗ್ ಮಾಡುವವರು ಮೇಲ್ಗಡೆ ಕೂರಿಸುವುದೇ ಒಳ್ಳೆಯದು, ಕಾರ್ಡ್‌ಗೆ ತಾಜಾ ಗಾಳಿ ಉಳಿಯುತ್ತದೆ. ಎಲ್ಲೇ ಇಟ್ಟರೂ ರೇಡಿಯೇಟರ್‌ನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ. ಒಳಗಿನ ಗಾಳಿಗುಳ್ಳೆ ಎತ್ತರದ ಜಾಗ ಹುಡುಕುತ್ತದೆ. ಪಂಪಿಗೆ ಸೇರಿದರೆ ಗುಳುಗುಳು ಸದ್ದು, ಪಂಪಿಗೂ ಕೇಡು.

ನಿಜವಾದ ನಿಶ್ಶಬ್ದ ಬರುವುದು ಫ್ಯಾನಿನ ಸೆಟ್ಟಿಂಗ್‌ನಿಂದ. ಒಂದು ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ತೆರೆದರೆ ಪ್ರೊಸೆಸರ್ ಕ್ಷಣದಲ್ಲಿ ಹತ್ತಿಪ್ಪತ್ತು ಡಿಗ್ರಿ ಜಿಗಿಯುತ್ತದೆ, ಮರುಕ್ಷಣ ಇಳಿಯುತ್ತದೆ. ಫ್ಯಾನ್ ಅದನ್ನು ಹಿಂಬಾಲಿಸಿದರೆ ಏರಿಳಿಯುವ ಸದ್ದು. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿತವನ್ನು ಮರೆಯುವುದಿಲ್ಲ. ನೀರು ಬಿಸಿಯಾಗಲು ನಿಮಿಷಗಳೇ ಬೇಕು. ಕೂಲರ್‌ನಲ್ಲಿ ನೀರಿನ ಸೆನ್ಸರ್ ಇದ್ದರೆ ಫ್ಯಾನನ್ನು ಅದಕ್ಕೇ ಕಟ್ಟಿ. ನನ್ನಲ್ಲಿ ನೀರು 40 ಡಿಗ್ರಿ ಆಗುವವರೆಗೆ ಫ್ಯಾನ್ ನಿಮಿಷಕ್ಕೆ 600 ಸುತ್ತು, ಅಲ್ಲಿಂದ ನಿಧಾನವಾಗಿ ಏರಿ 50ಕ್ಕೆ ಪೂರ್ತಿ ವೇಗ. ಸೆನ್ಸರ್ ಇಲ್ಲದಿದ್ದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಫ್ಯಾನ್ ವೇಗ ತಡವಾಗಿ ಏರುವಂತೆ ಹಾಕಿ. ಪಂಪ್ ಒಂದೇ ವೇಗದಲ್ಲಿ ಓಡಲಿ. ಕಿರ್ ಎನ್ನದ ವೇಗ ಯಾವುದೆಂದು ಕಿವಿಗೊಟ್ಟು ಹುಡುಕಿ.

ಇನ್ನು ಧೂಳು. ಹುಬ್ಬಳ್ಳಿ, ನವಲಗುಂದದ ಕಡೆಯವರಿಗೆ ಎರೆಮಣ್ಣಿನ ಧೂಳಿನ ಬಗ್ಗೆ ನಾನು ಹೇಳಬೇಕಿಲ್ಲ. ಒಳಕ್ಕೆ ಎಳೆಯುವ ಗಾಳಿ ಹೊರಹಾಕುವುದಕ್ಕಿಂತ ತುಸು ಹೆಚ್ಚಿದ್ದರೆ ಸಂದಿಗಳಿಂದ ಧೂಳು ನುಗ್ಗುವುದಿಲ್ಲ, ಫಿಲ್ಟರ್‌ನಲ್ಲೇ ನಿಲ್ಲುತ್ತದೆ. ಆದರೂ ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಬೂದು ಬಣ್ಣದ ತೆಳು ಪದರ ಕಟ್ಟುತ್ತದೆ, ಫ್ಯಾನ್ ಬಿಚ್ಚದೆ ಅದು ಕಾಣುವುದೇ ಇಲ್ಲ. ಕರೆಂಟ್ ತೆಗೆದು, ಫ್ಯಾನ್ ಬಿಚ್ಚಿ, ಮೆತ್ತನೆಯ ಬ್ರಷ್‌ನಿಂದ ಒರೆಸಿ, ಉಲ್ಟಾ ದಿಕ್ಕಿನಿಂದ ಬ್ಲೋವರ್ ಊದಿ. ಫ್ಯಾನಿಗೆ ಊದುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ತಿರುಗಲು ಬಿಡಬೇಡಿ.

ಎಲ್ಲ ಆದ ಮೇಲೆ ರೆಕಾರ್ಡಿಂಗ್‌ನಂತೆಯೇ ಕಿಟಕಿ ಮುಚ್ಚಿ, ಅರ್ಧ ಗಂಟೆಗೂ ಮೇಲೆ ಭಾರದ ಕೆಲಸ ಕೊಟ್ಟು, ಖೋಲಿಯ ಬಿಸಿಗೂ ನೀರಿನ ಬಿಸಿಗೂ ಇರುವ ಅಂತರ ಬರೆದಿಡಿ. ಡಿಸೆಂಬರ್‌ನಲ್ಲಿ ನೀರು 30 ಡಿಗ್ರಿ ಇತ್ತೆಂದು ಖುಷಿಪಡುವುದರಲ್ಲಿ ಅರ್ಥವಿಲ್ಲ, ಅಂತರವೇ ಲೆಕ್ಕ. ಮೇ ತಿಂಗಳಲ್ಲಿ ಅದೇ ಕೆಲಸ ಕೊಟ್ಟಾಗ ಅಂತರ ಹಿಗ್ಗಿದ್ದರೆ ಮೊದಲು ಫಿಲ್ಟರ್ ತೆಗೆದು ನೋಡಿ.