ಮಗುವಿಗೆ ಸಿಪಿ ಇದೆಯಾ? ಡಾಕ್ಟರ್ ಹತ್ತಿರ ಹೋಗುವ ಮುಂಚೆ

ಶಿವಮೊಗ್ಗದಲ್ಲಿ ನಾನು ಮಕ್ಕಳ ಫಿಸಿಯೋಥೆರಪಿ ಮಾಡುತ್ತೇನೆ. ಹೊಸನಗರ, ತೀರ್ಥಹಳ್ಳಿ ಕಡೆಯ ಅಮ್ಮಂದಿರು ಮೊದಲು ಕೇಳುವುದು, ‘ಯಾವ ಟೆಸ್ಟ್ ಮಾಡಿಸಿದ್ರೆ ಗೊತ್ತಾಗುತ್ತೆ ಮೇಡಂ?’ ಸೆರೆಬ್ರಲ್ ಪಾಲ್ಸಿಗೆ, ಅಂದರೆ ಸಿಪಿಗೆ, ಅಂಥ ರಕ್ತಪರೀಕ್ಷೆ ಯಾವುದೂ ಇಲ್ಲ. ಬೆಳೆಯುವ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಹಿಡಿತ ತಪ್ಪುವುದೇ ಸಿಪಿ. ಮಗುವಿನ ಆಟ, ಅಲುಗಾಟ ನೋಡಿಯೇ ಅದನ್ನು ಗುರುತಿಸಬೇಕು. ಹಾಗಾಗಿ ಅರ್ಧ ಕೆಲಸ ನಿಮ್ಮದೇ.

ಮೊದಲು ಮಗುವಿಗೆ ಸ್ನಾನ ಮಾಡಿಸುವ ಅಜ್ಜಿಯನ್ನು ಕೇಳಿ. ಎಣ್ಣೆ ಹಚ್ಚುವಾಗ ತೊಡೆ ಬಿಡಿಸಲು ಆಗದಷ್ಟು ಬಿಗಿಯೇ, ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಹೋಗುತ್ತದೆಯೇ, ಇಲ್ಲಾ ಮೈಯೆಲ್ಲ ಜೋಲುಬೀಳುತ್ತದೆಯೇ? ಅವರ ಕೈಗೆ ಇದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಬಿಚ್ಚದಿದ್ದರೆ, ಒಂಬತ್ತು ತಿಂಗಳಿಗೂ ಆಸರೆ ಬಿಟ್ಟು ಕೂರದಿದ್ದರೆ ತೋರಿಸಲೇಬೇಕು. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಗುವಾದರೆ, ಎಷ್ಟು ಬೇಗ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಿ.

ವರ್ಷ ತುಂಬುವ ಮುಂಚೆಯೇ ಎಡಗೈ ಒಂದನ್ನೇ ಚಾಚುವ ಮಗುವನ್ನು ‘ನಮ್ಮ ಎಡಚ’ ಅಂತ ಮುದ್ದು ಮಾಡುತ್ತಾರೆ. ಆ ವಯಸ್ಸಿನಲ್ಲಿ ಎರಡೂ ಕೈ ಸಮನಾಗಿ ಆಡಬೇಕು. ಬಲಗೈಗೆ ಏನಾಗಿದೆ ಅಂತ ನೋಡಿಸಿ. ‘ಅವರಪ್ಪನೂ ತಡವಾಗಿ ನಡೆದಿದ್ದು’ ಅನ್ನುವ ಮಾತು ಕೇಳಿದರೆ ಮಾತ್ರ ನನಗೆ ಸಿಟ್ಟೇ ಬರುತ್ತದೆ.

ಹೊರಡುವಾಗ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ ಬ್ಯಾಗಿಗೆ ಹಾಕಿಕೊಳ್ಳಿ. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟಿತ್ತು, ಕೂಡಲೇ ಅತ್ತಿತಾ, ಕಾಮಾಲೆ ಜಾಸ್ತಿ ಇತ್ತಾ, ಫಿಟ್ಸ್ ಬಂದಿತ್ತಾ ಎಂದೆಲ್ಲ ಕೇಳುತ್ತಾರೆ. ಹೆರಿಗೆ ಸಲೀಸಾಗಿ ಆಗಿದ್ದರೂ ಸಿಪಿ ಇರಬಹುದು. ಅಮ್ಮನ ತಪ್ಪು ಹುಡುಕುತ್ತಾ ಕೂರಬೇಡಿ.

ಮಗುವಿನ ವಿಡಿಯೋ ಒಂದನ್ನು ಮನೆಯಲ್ಲೇ ಮಾಡಿಕೊಳ್ಳಿ. ಘಾಟಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದ ಮಗು ಡಾಕ್ಟರ್ ಎದುರು ಬರೀ ಅಳುತ್ತದೆ. ಅಳುವ ಮಗುವಿನ ಮೈ ಹೇಗೂ ಬಿಗಿಯೇ, ಅಲ್ವಾ? ಹೊಟ್ಟೆ ತುಂಬಿ ಖುಷಿಯಾಗಿ ಎಚ್ಚರ ಇರುವಾಗ ಚಾಪೆಯ ಮೇಲೆ ಅಂಗಾತ ಮಲಗಿಸಿ, ಇಡೀ ಮೈ ಕಾಣುವಂತೆ ಮೂರರಿಂದ ಐದು ನಿಮಿಷ ತೆಗೆಯಿರಿ. ಗಿಲಕಿ ಬೇಡ, ಮಾತಾಡಿಸುವುದೂ ಬೇಡ. ಮಳೆಗಾಲದ ಥಂಡಿಗೆ ಟೋಪಿ, ಸ್ವೆಟರ್ ಹಾಕಿ ಸುತ್ತಿಟ್ಟರೆ ಏನೂ ಕಾಣಿಸುವುದಿಲ್ಲ. ಕೋಣೆ ಬೆಚ್ಚಗೆ ಮಾಡಿ ಬಟ್ಟೆ ಕಮ್ಮಿ ಮಾಡಿ. ಮೂರರಿಂದ ಐದು ತಿಂಗಳ ಮಗುವಿನ ಕತ್ತು, ಕೈ, ಕಾಲಿನಲ್ಲಿ ಸಣ್ಣ ಸಣ್ಣ ಮಿಸುಕಾಟ ನಡೆಯುತ್ತಲೇ ಇರುತ್ತದೆ. ಅದು ಇಲ್ಲದಿದ್ದರೆ ಸಿಪಿಯ ಅನುಮಾನ ಬಲವಾಗುತ್ತದೆ. ತರಬೇತಿ ಪಡೆದವರು ವಿಡಿಯೋ ನೋಡಿಯೇ ಇದನ್ನು ಹೇಳುತ್ತಾರೆ.

ಆಸ್ಪತ್ರೆಯಲ್ಲಿ ‘ಹ್ಯಾಮರ್‌ಸ್ಮಿತ್’ ಎನ್ನುವ ಪರೀಕ್ಷೆ ಮಾಡಬಹುದು. ಎರಡು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ಇದು. ಕಣ್ಣು ಹೊರಳಿಸುವುದು, ಮೈ ಬಿಗಿ, ಚಲನೆ ಹೀಗೆ 26 ಅಂಶ ನೋಡಿ 78ಕ್ಕೆ ಅಂಕ ಕೊಡುತ್ತಾರೆ. ಎಂಆರ್‌ಐ ಮಿದುಳಿನಲ್ಲಿ ಎಲ್ಲಿ ಪೆಟ್ಟಾಗಿದೆ ಅಂತ ತೋರಿಸುತ್ತದೆ. ಕೆಲವು ಮಕ್ಕಳ ಎಂಆರ್‌ಐ ನಾರ್ಮಲ್ ಬರುತ್ತದೆ, ಆದರೂ ಸಿಪಿ ಇರುತ್ತದೆ. ಕಿವಿ, ಕಣ್ಣಿನ ಪರೀಕ್ಷೆ ಬಿಡಬೇಡಿ. ಕಲಿತಿದ್ದನ್ನೇ ಮಗು ಮರೆಯುತ್ತಾ ಹೋದರೆ ತಪ್ಪದೆ ಹೇಳಿ, ಆಗ ಬೇರೆ ಕಾಯಿಲೆ ಹುಡುಕಬೇಕಾಗುತ್ತದೆ.

ಮೊದಲೆಲ್ಲ ಒಂದೂವರೆ, ಎರಡು ವರ್ಷದ ತನಕ ಕಾಯಿಸುತ್ತಿದ್ದರು. ಈಗ ಆರು ತಿಂಗಳೊಳಗೇ ‘ಸಿಪಿ ಬರುವ ಅಪಾಯ ಜಾಸ್ತಿ’ ಅಂತ ಎಷ್ಟೋ ಮಕ್ಕಳಿಗೆ ಹೇಳಬಹುದು. ಚೀಟಿಯಲ್ಲಿ ಅಷ್ಟು ಬರೆದರೆ ಸಾಕು, ಥೆರಪಿ ಶುರು ಮಾಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ (ಆರ್‌ಬಿಎಸ್‌ಕೆ) ಬರುತ್ತದೆ. ಅಲ್ಲಿಯ ತನಕ ಸುಮ್ನೆ ಕಾಯಬೇಡಿ, ಆಶಾ ಅಕ್ಕನಿಗೆ ಹೇಳಿ, ಇಲ್ಲಾ ನೇರ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ.

‘ನಡೀತಾನಾ?’ ಅನ್ನುವುದಕ್ಕೆ ಎರಡು ವರ್ಷದ ಒಳಗೆ ಗಟ್ಟಿ ಉತ್ತರ ಸಿಗುವುದು ಕಷ್ಟ. ಅದರ ಬದಲು ಮಗುವನ್ನು ಹೇಗೆ ಎತ್ತಿಕೊಳ್ಳಬೇಕು, ಹೇಗೆ ಕೂರಿಸಿ ಉಣಿಸಬೇಕು, ಸೊಂಟದ ಎಕ್ಸ್‌ರೇ ಯಾವಾಗ ತೆಗೆಸಬೇಕು ಅಂತ ಕೇಳಿ ಬರೆಸಿಕೊಂಡು ಬನ್ನಿ.