ತಡವಾದದ್ದು 70 ನಿಮಿಷ, ಮನೆ ಸೇರಿದ್ದು ಮಾರನೇ ದಿನ

ಹೋದ ವರ್ಷ ನಾನೂ ನನ್ನ ಹೆಂಡತಿಯೂ ಪ್ರಾಗ್‌ನಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ನಡುವೆ ಯುರೋಪಿನಲ್ಲೇ ಒಂದು ಕಡೆ ವಿಮಾನ ಬದಲಿಸಬೇಕಿತ್ತು, ಅದಕ್ಕೆ ಸಿಕ್ಕಿದ್ದು ಒಂದೂವರೆ ಗಂಟೆ. ಮೊದಲ ವಿಮಾನ 70 ನಿಮಿಷ ತಡ. ಇಳಿದವರೇ ಓಡಿದೆವು. ಗೇಟ್ ಮುಚ್ಚಿತ್ತು. ಗಾಜಿನಾಚೆ ನಮ್ಮ ವಿಮಾನ ಇನ್ನೂ ನಿಂತೇ ಇತ್ತು, ಅದನ್ನು ನೋಡಿ ಇವಳಿಗೆ ಅಳುವೇ ಬಂತು.

ಕೌಂಟರಿನಲ್ಲಿ ಮಾರನೇ ದಿನಕ್ಕೆ ಸೀಟು, ರಾತ್ರಿಗೆ ಹೋಟೆಲ್, ಊಟದ ಕೂಪನ್ ಕೊಟ್ಟರು. ಪಾಪ, ಒಳ್ಳೆಯವರು ಅಂದುಕೊಂಡೆ. ಹೋಟೆಲಿನಲ್ಲಿ ನಿದ್ದೆ ಬರದೆ ಯುರೋಪಿನ 261/2004 ನಿಯಮ ಓದಿದಾಗ ಗೊತ್ತಾಯಿತು, ಅದೆಲ್ಲ ಅವರು ಕೊಡಲೇಬೇಕಾದದ್ದು, ಮಂಜು ಕವಿದು ತಡವಾದರೂ. ಪರಿಹಾರದ ದುಡ್ಡು ಬೇರೆ: 3500 ಕಿ.ಮೀ. ಮೀರಿದ ಪ್ರಯಾಣ, ಕೊನೆಯ ಊರಿಗೆ 4 ಗಂಟೆಗಿಂತ ಜಾಸ್ತಿ ತಡ, ಅಂದರೆ ತಲೆಗೆ 600 ಯೂರೋ.

ಬೋರ್ಡಿಂಗ್ ಪಾಸ್ ಒಂದನ್ನೂ ಬಿಸಾಡಲಿಲ್ಲ. ಬೆಂಗಳೂರಿನಲ್ಲಿ ಬಾಗಿಲು ತೆಗೆದ ಹೊತ್ತನ್ನೂ ಬರೆದುಕೊಂಡೆ, ಯಾಕೆಂದರೆ ತಲುಪಿದ ಸಮಯ ಅಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ಬಾಗಿಲು ತೆರೆದದ್ದು. (ಒಂದು ದಿನವೇ ತಡವಾದ ನಮಗೆ ಅದು ಬೇಕಿರಲಿಲ್ಲ, ಸಿಟ್ಟಿಗೆ ಬರೆದುಕೊಂಡದ್ದು.) ವಾಯು ವಜ್ರ ಬಸ್ಸಿನಲ್ಲೇ ಕಂಪನಿಯ ಫಾರಂ ತುಂಬಿದೆ, ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಟೈಮಿಗೇನೂ ಬರ ಇರಲಿಲ್ಲ.

ಮೂರು ವಾರಕ್ಕೆ ಉತ್ತರ ಬಂತು: ವಿಮಾನ ತಡವಾದದ್ದು ಬರೀ 70 ನಿಮಿಷ, ಪರಿಹಾರ ಇಲ್ಲ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ನಾನೂ ಒಂದು ದಿನ ಸುಮ್ನಿದ್ದೆ. ಆಮೇಲೆ ಬರೆದೆ: ಲೆಕ್ಕ ಮೊದಲ ವಿಮಾನದ್ದಲ್ಲ, ಕೊನೆಯ ಊರಿನದು, ಯುರೋಪಿನ ನ್ಯಾಯಾಲಯ 2013ರಲ್ಲೇ ಹೀಗೆ ಹೇಳಿದೆ, ನಮ್ಮದು ಒಂದೇ ಬುಕಿಂಗ್. ಆಗ ವಿಮಾನದ ಟೆಕ್ನಿಕಲ್ ಪ್ರಾಬ್ಲಮ್, ನಮ್ಮ ಕೈಮೀರಿದ್ದು ಅಂದರು. ಮಾಮೂಲಿ ರಿಪೇರಿ ನೆಪ ಆಗುವುದಿಲ್ಲ ಅಂತ ಅದೇ ನ್ಯಾಯಾಲಯ 2008ರಲ್ಲಿ ಹೇಳಿತ್ತು, ಅದನ್ನೂ ಬರೆದೆ. ಮುಂದಿನ ತಿಂಗಳು 1200 ಯೂರೋ ಖಾತೆಗೆ ಬಿತ್ತು.

ಒಂದು ಮಾತು, ಯುರೋಪಿನಿಂದ ಹೊರಟರೆ ಯಾವ ಕಂಪನಿಯಾದರೂ ಈ ನಿಯಮ ಅನ್ವಯಿಸುತ್ತದೆ. ಬೆಂಗಳೂರಿನಿಂದ ಹೋಗುವಾಗ ಮಾತ್ರ ಕಂಪನಿಯೂ ಯುರೋಪಿನದೇ ಆಗಿರಬೇಕು, ಗಲ್ಫ್ ಕಂಪನಿಗಳಿಗೆ ಇಲ್ಲ.

ನನ್ನ ಭಾವಮೈದ ಇದನ್ನೆಲ್ಲ ಕೇಳಿ ತಾನೂ ಅರ್ಜಿ ಹಾಕಲು ಹೊರಟ. ಅವನಿಗೂ ಮುಂಬೈನಲ್ಲಿ ಬೆಂಗಳೂರು ವಿಮಾನ ತಪ್ಪಿತ್ತು. ಪಿಎನ್‌ಆರ್ ನೋಡಿದರೆ ಎರಡು, ಅಂದರೆ ನಮ್ಮ ಹಾಗೆ ಒಂದೇ ಬುಕಿಂಗ್ ಅಲ್ಲ, ಅವನ ಲೆಕ್ಕ ಮುಂಬೈಗೇ ಮುಗಿಯಿತು. ಎರಡು ಸಾವಿರ ಉಳಿಯುತ್ತದೆ ಅಂತ ಮುಂಬೈ–ಬೆಂಗಳೂರು ಟಿಕೆಟ್ ಬೇರೆ ತೆಗೆದಿದ್ದ. ಕೌಂಟರಿನಲ್ಲಿ ಹೊಸ ಟಿಕೆಟಿಗೆ ಕೊಟ್ಟಿದ್ದು ಹನ್ನೊಂದು ಸಾವಿರ.