ಎಲೈಜಾ ಕ್ರೇಗ್ 18ರ ಒಗರು ಪಳಗಿಸಿದ್ದು ಹೀಗೆ

ಎಲೈಜಾ ಕ್ರೇಗ್ 18 ಅಮೆರಿಕದ ಕೆಂಟಕಿ ರಾಜ್ಯದ, 18 ವರ್ಷ ಹಳೇ ಬರ್ಬನ್ ವಿಸ್ಕಿ. ಅದು ಬರೀ ಮರದ ಕಷಾಯ ಅನ್ನೋರು ತುಂಬಾ ಜನ. ಅಲ್ಲಿನ ಲೂಯಿವಿಲ್ ನಗರದ ನಮ್ಮ ಗೆಳೆಯರ ಬಳಗದಲ್ಲೂ ಇದೇ ಮಾತು. "ಇದರಲ್ಲಿ ಏನೂ ಉಳಿದಿಲ್ಲ ಮಾರಾಯಾ, ಯಾರಿಗಾದರೂ ಕೊಟ್ಟುಬಿಡು" ಅಂದಿದ್ದರು. ಮೊನ್ನೆ ಅದೇ ಬಾಟಲಿಯಿಂದ ಅವರೇ ಕೇಳಿ ಇನ್ನೊಮ್ಮೆ ಹಾಕಿಸಿಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೊಟ್ಟದ್ದು ಸುಮಾರು 200 ಡಾಲರ್. ತೆರೆದಾಗ ಮೂಗಿಗೆ ಚೆನ್ನಾಗಿತ್ತು: ಒಣದ್ರಾಕ್ಷಿ, ಲವಂಗ, ಹಳೇ ಚರ್ಮ. ನಾಲಿಗೆಗೆ ಮಾತ್ರ ಒಗರೋ ಒಗರು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ, ಮೇಲೆ ಕೆಂಟಕಿಯ ಬೇಸಿಗೆ. 18 ವರ್ಷ ಕೂತರೆ ಮರ ಸುಮ್ನೆ ಬಿಡುತ್ತದಾ? ಸಾಲದ್ದಕ್ಕೆ ಸಿಂಗಲ್ ಬ್ಯಾರೆಲ್, ಅಂದರೆ ಒಂದು ಬಾಟಲಿಯಲ್ಲಿ ಇರೋದು ಒಂದೇ ಪೀಪಾಯಿಯ ಮಾಲು. ಒಂದು ಪೀಪಾಯಿಯ ರುಚಿ ಇನ್ನೊಂದಕ್ಕಿಲ್ಲ. ಹಾಗಾಗಿ ಲೇಬಲ್ ಮೇಲಿನ ಬ್ಯಾರೆಲ್ ನಂಬರ್ ಬರೆದಿಟ್ಟುಕೊಳ್ಳಿ.

ಐಸ್ ಹಾಕಿ ನೋಡಿದೆ, ಕಹಿ ಇನ್ನೂ ಮುಂದೆ ಬಂತು. ಡಿಕ್ಯಾಂಟರ್ ಅನ್ನೋ ಗಾಜಿನ ಹೂಜಿಗೆ ಸುರಿದಿಟ್ಟೆ. ಕೆಲವು ವಾರಕ್ಕೆ ಪರಿಮಳ ಸತ್ತಿತು, ಒಗರು ಹಾಗೇ ಉಳಿಯಿತು. 40 ಡಾಲರಿನಷ್ಟು ಮಾಲು ಇದಕ್ಕೇ ಹೋಯಿತು. ಚಮಚದಲ್ಲಿ ನೀರು ಹಾಕಿದರೆ ಪೂರಾ ತೆಳ್ಳಗಾಗುತ್ತದೆ. ಮೊದಲೇ ಇದರಲ್ಲಿ ಆಲ್ಕೋಹಾಲ್ ಬರೀ 45 ಪರ್ಸೆಂಟ್ ಅಲ್ವಾ.

ಕೊನೆಗೆ ಕೈ ಹಿಡಿದದ್ದು ತಾಳ್ಮೆ. ಮೂರರಲ್ಲಿ ಒಂದು ಪಾಲು ಖಾಲಿಯಾದ ಬಾಟಲಿಗೆ ಕಾರ್ಕ್ ಬಿಗಿದು, ಕತ್ತಲ ಕಪಾಟಿನಲ್ಲಿ ತಿಂಗಳುಗಟ್ಟಲೆ ಬಿಟ್ಟೆ. ಆಮೇಲೆ ಗ್ಲೆನ್‌ಕೇರ್ನ್ ಅನ್ನೋ, ಬಾಯಿ ಕಿರಿದಾದ ವಿಸ್ಕಿ ಲೋಟಕ್ಕೆ ಒಂದು ಔನ್ಸ್ ಹಾಕಿ, ಮುಚ್ಚಿ, ಅರ್ಧ ಗಂಟೆ ಮುಟ್ಟಲಿಲ್ಲ. ನಂತರ ಡ್ರಾಪರ್‌ನಲ್ಲಿ ನಾಲ್ಕೈದು ಹನಿ ನೀರು, ಮತ್ತೆ ಹತ್ತು ನಿಮಿಷ. ಯಾವ ನೀರು, ಎಷ್ಟು ಬೆಚ್ಚಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಗುಟುಕುಗಳ ನಡುವೆ ಒಗ್ಗರಣೆ ಹಾಕದ ಬರೀ ಮಂಡಕ್ಕಿ. ಕ್ರ್ಯಾಕರ್‌ಗಿಂತ ಬಾಯಿ ಚೆನ್ನಾಗಿ ಶುಚಿಯಾಗುತ್ತದೆ.

ಆಗ ಬಂತು ನೋಡಿ! ಕಾಸಿದ ಬೆಲ್ಲ, ಕಪ್ಪು ಚೆರ್ರಿ, ಕಿತ್ತಳೆ ಸಿಪ್ಪೆ. ಒಗರು ಹೋಗಿಲ್ಲ, ಹಿಂದಕ್ಕೆ ಸರಿದು ಒಳ್ಳೆ ಅಡಿಕೆ ಅಗಿದ ಹಾಗೆ ಕೊನೆಯಲ್ಲಿ ನಿಲ್ಲುತ್ತದೆ. ಅದು ನನಗೆ ಬೇಕಾದ ಒಗರು.

ಈ ನಡುವೆ ಇನ್ನೊಂದು ಆಟ ಆಡಿದೆ. ಇದೇ ಹೆಸರಿನ ಮಾಮೂಲಿ ವಿಸ್ಕಿಯಾದ ಎಲೈಜಾ ಕ್ರೇಗ್ ಸ್ಮಾಲ್ ಬ್ಯಾಚ್ ಮೂರು ಪಾಲಿಗೆ ಒಂದು ಪಾಲು 18 ಬೆರೆಸಿ, ಸಣ್ಣ ಸೀಸೆಯಲ್ಲಿ ವಾರ ಇಟ್ಟೆ. ಸ್ಮಾಲ್ ಬ್ಯಾಚ್ ಲೇಬಲ್‌ನಿಂದ 2016ರಲ್ಲಿ '12 ವರ್ಷ' ತೆಗೆದುಹಾಕಿದರಲ್ಲ, ಅದಕ್ಕೆ ಮುಂಚಿನ ರುಚಿಗೆ ತೀರಾ ಹತ್ತಿರ ಬಂತು. ಹಳೇ ಬಾಟಲಿ ಹುಡುಕಿ ದುಡ್ಡು ಸುರಿಯೋರು ಇದನ್ನೊಮ್ಮೆ ಮಾಡಿ ನೋಡಿ.

ಬಳಗಕ್ಕೆ ಹೆಸರು ಹೇಳದೆ ಕೊಟ್ಟೆ. ನನ್ನವಳು ಲೋಟದ ತಳಕ್ಕೆ ನಂಬರ್ ಚೀಟಿ ಅಂಟಿಸಿದ್ದಳು. ಪಕ್ಕದಲ್ಲಿ ಇದೇ ಎಲೈಜಾ ಕ್ರೇಗ್‌ನ, ನೀರು ಬೆರೆಸದೆ ಪೀಪಾಯಿಯ ಖಾರದಲ್ಲೇ ತುಂಬುವ ಬ್ಯಾರೆಲ್ ಪ್ರೂಫ್ ಇದ್ದರೂ ಹೆಚ್ಚಿನವರು 18ನ್ನೇ ಮೇಲೆ ಇಟ್ಟರು. ಕಷಾಯ ಅಂದವರೂ ಅವರಲ್ಲಿದ್ದರು.

150 ಡಾಲರ್ ಆಸುಪಾಸಿಗೆ ಸಿಕ್ಕರೆ ಯೋಚಿಸದೆ ಎತ್ತಿಕೊಳ್ಳಿ. 300 ಕೇಳಿದರೆ ಬೇಡ. ಆ ದುಡ್ಡಿಗೆ ಬ್ಯಾರೆಲ್ ಪ್ರೂಫ್ ಮೂರು ಬಾಟಲಿ ಬಂದು ಚಿಲ್ಲರೆಯೂ ಉಳಿಯುತ್ತದೆ.